‘ಸಂಧಿವಾತ ಅಂತ ಹೇಳಿಬಿಡಿ’: ರೇಚಲ್ ಕಾರ್ಸನ್ ಮುಚ್ಚಿಟ್ಟ ನಾಲ್ಕು ವರ್ಷ

ಇವತ್ತಿನ ಕಥೆ ನಡೆಯೋದು ಅಮೆರಿಕದಲ್ಲಿ, 1960ರಿಂದ 1964ರವರೆಗೆ. ಆದರೆ ನನ್ನ ತಲೆಯಲ್ಲಿ ಅದು ಶುರುವಾಗಿದ್ದು ತಿಪಟೂರಿನ ಹತ್ತಿರದ ಒಂದು ಮನೆಯ ಹಜಾರದಲ್ಲಿ.

ನನ್ನ ದೊಡ್ಡಮ್ಮನಿಗೆ ಕೆಲವು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯ್ತು, ಎಲ್ಲ ಮುಗೀತು ಅಂದ್ಕೊಂಡ್ವಿ. ಆಮೇಲೆ ಬೆನ್ನುನೋವು ಶುರುವಾಯ್ತು. ಸ್ಕ್ಯಾನ್ ರಿಪೋರ್ಟ್ ಬಂದಾಗ ಡಾಕ್ಟರು ನಮ್ಮ ಅಣ್ಣನನ್ನ ಪಕ್ಕದ ರೂಮಿಗೆ ಕರೆದು, ಮೂಳೆಗೆ ಹರಡಿದೆ ಅಂದ್ರು. ಅಣ್ಣ ಹೊರಗೆ ಬಂದು ದೊಡ್ಡಮ್ಮನಿಗೆ ಹೇಳಿದ್ದು, ‘ಏನಿಲ್ಲ, ವಾತ ಅಂತೆ.’ ನಾವೆಲ್ಲ ಸೇರಿ ಆ ವಾತವನ್ನ ಸುಮಾರು ಆರು ತಿಂಗಳು ಕಾಪಾಡಿಕೊಂಡು ಬಂದ್ವಿ. ಫೈಲು ಬೀರುವಿನ ಮೇಲೆ, ಫೋನು ಬಂದರೆ ಹಿತ್ತಲಿಗೆ. ಅವರಿಗೆ ಗೊತ್ತಾಗಿದ್ದು ಹೇಗೆ ಅನ್ನೋದನ್ನ ಆಮೇಲೆ ಹೇಳ್ತೀನಿ.

ಅದೇ ಸಮಯದಲ್ಲಿ ನಾನು ರೇಚಲ್ ಕಾರ್ಸನ್ ಬಗ್ಗೆ ಓದ್ತಾ ಇದ್ದೆ. ಹೆಸರು ಕೇಳಿರಬಹುದು. ‘ಸೈಲೆಂಟ್ ಸ್ಪ್ರಿಂಗ್’ ಅನ್ನೋ ಪುಸ್ತಕ ಬರೆದವರು. ಡಿಡಿಟಿಯಂಥ ಕೀಟನಾಶಕಗಳನ್ನ ಹಿಂದೆಮುಂದೆ ನೋಡದೆ ಸುರಿದರೆ ಹಕ್ಕಿಗಳಿಗೆ, ಮೀನುಗಳಿಗೆ, ಮಣ್ಣಿಗೆ, ಕೊನೆಗೆ ಮನುಷ್ಯರಿಗೆ ಏನಾಗುತ್ತೆ ಅಂತ 1962ರಲ್ಲಿ ಜಗತ್ತಿಗೆ ತೋರಿಸಿದ ಪುಸ್ತಕ ಅದು. ಪರಿಸರ ಚಳವಳಿಯ ಇತಿಹಾಸ ಹೇಳೋರೆಲ್ಲ ಅಲ್ಲಿಂದ ಶುರು ಮಾಡ್ತಾರೆ. ಪರೀಕ್ಷೆಗೆ ಓದೋರಿಗೆ ಅದು ಒಂದು ಅಂಕದ ಪ್ರಶ್ನೆ. ಆ ಪುಸ್ತಕದ ಬಹುಪಾಲು ಬರೆದದ್ದು, ತಿದ್ದಿದ್ದು, ಅದರ ಪರವಾಗಿ ಜಗಳಕ್ಕೆ ನಿಂತಿದ್ದು ಹರಡಿದ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ತಗೋತಾ ಇದ್ದ ಒಬ್ಬ ಹೆಂಗಸು ಅನ್ನೋದು ಆ ಒಂದು ಅಂಕದಲ್ಲಿ ಬರಲ್ಲ.

‘ಹರಡಿದ’ ಅಂದರೆ ಏನು? ಡಾಕ್ಟರುಗಳ ಭಾಷೆಯಲ್ಲಿ ಮೆಟಾಸ್ಟಾಟಿಕ್. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಕಣಗಳು ರಕ್ತದಲ್ಲೋ ದುಗ್ಧರಸದಲ್ಲೋ ಸಾಗಿ ಮೂಳೆ, ಲಿವರ್, ಶ್ವಾಸಕೋಶ, ಮಿದುಳು ಇಂಥ ಕಡೆ ನೆಲೆ ಊರೋದು. ಮೂಳೆಯಲ್ಲಿ ಸಿಕ್ಕರೂ ಅದು ಮೂಳೆ ಕ್ಯಾನ್ಸರ್ ಅಲ್ಲ, ಸ್ತನ ಕ್ಯಾನ್ಸರೇ. ಈ ಹಂತದಲ್ಲಿ ಚಿಕಿತ್ಸೆಗೆ ‘ಕೊನೆಯ ದಿನ’ ಅಂತ ಇರಲ್ಲ. ಒಂದು ಔಷಧಿ ಕೆಲಸ ಮಾಡೋವರೆಗೆ ಅದು, ನಿಂತರೆ ಇನ್ನೊಂದು. ಎರಡು ಸ್ಕ್ಯಾನುಗಳ ನಡುವೆ ಬದುಕು. ಇವತ್ತು ಹೀಗೆ ಎಷ್ಟೋ ವರ್ಷ ಬಾಳುವವರಿದ್ದಾರೆ. 1960ರಲ್ಲಿ ಡಾಕ್ಟರುಗಳ ಕೈಯಲ್ಲಿ ಇದ್ದದ್ದು ಚಾಕು, ರೇಡಿಯೇಷನ್, ಒಂದಿಷ್ಟು ಹಾರ್ಮೋನು. ಅಷ್ಟೇ.

ಸರಿ, ಯಾರೀ ರೇಚಲ್? 1907ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಅನ್ನೋ ಊರಲ್ಲಿ ಹುಟ್ಟಿದವರು. ಜೀವಶಾಸ್ತ್ರ ಓದಿ, ಮೀನು ಮತ್ತು ವನ್ಯಜೀವಿ ಇಲಾಖೆಯಲ್ಲಿ ಸರ್ಕಾರಿ ನೌಕರಿ ಮಾಡ್ತಾ ಸಮುದ್ರದ ಬಗ್ಗೆ ಬರೀತಿದ್ದರು. 1951ರಲ್ಲಿ ಬಂದ ‘ದಿ ಸೀ ಅರೌಂಡ್ ಅಸ್’ 86 ವಾರ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿತ್ತು. ಮುಂದಿನ ವರ್ಷ ನೌಕರಿ ಬಿಟ್ಟು ಪೂರ್ತಿ ಬರಹಕ್ಕಿಳಿದರು. ಮದುವೆಯಾಗಿರಲಿಲ್ಲ, ಆದರೆ ಸಂಸಾರ ಮಾತ್ರ ದೊಡ್ಡದೇ. ತಾಯಿಯನ್ನ ನೋಡ್ಕೋತಿದ್ದರು. 1957ರಲ್ಲಿ ಸೋದರಿಯ ಮಗಳು ತೀರಿಕೊಂಡಾಗ ಆಕೆಯ ಐದು ವರ್ಷದ ಮಗ ರೋಜರ್‌ನನ್ನ ದತ್ತು ತಗೊಂಡರು. ಆಗ ಅವರಿಗೆ ಹತ್ತಿರ ಹತ್ತಿರ ಐವತ್ತು. ಮರುವರ್ಷ ಡಿಸೆಂಬರಿನಲ್ಲಿ ತಾಯಿಯೂ ಹೋದರು. ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ ಉಳಿದಿದ್ದು ಅವರು, ಈ ಹುಡುಗ, ಬೆಕ್ಕು, ಮತ್ತು ಕೀಟನಾಶಕಗಳ ಬಗ್ಗೆ ರಾಶಿ ರಾಶಿ ವೈಜ್ಞಾನಿಕ ವರದಿಗಳು.

1960ರ ಏಪ್ರಿಲ್. ಎಡ ಸ್ತನದಲ್ಲಿ ಗಂಟು. ಇದಕ್ಕೆ ಮುಂಚೆ 1950ರಲ್ಲೂ ಒಂದು ಗಂಟು ತೆಗೆಸಿದ್ದರು. ಆಗ ಏನೂ ಇಲ್ಲ ಅಂದಿದ್ದರು. ಈ ಸಲ ಇಡೀ ಸ್ತನವನ್ನೇ ತೆಗೆಯೋ ದೊಡ್ಡ ಆಪರೇಷನ್ ಆಯ್ತು. ಎಚ್ಚರವಾದ ಮೇಲೆ ರೇಚಲ್ ಸರ್ಜನ್‌ರನ್ನ ನೇರವಾಗಿ ಕೇಳಿದರು: ಇದು ಕ್ಯಾನ್ಸರಾ? ಉತ್ತರ ಏನು ಬಂತು ಗೊತ್ತಾ? ಕ್ಯಾನ್ಸರಿನ ಗಡಿಯಲ್ಲಿರೋ ಸ್ಥಿತಿ, ಮುನ್ನೆಚ್ಚರಿಕೆಗೆ ತೆಗೆದಿದ್ದೀವಿ, ಮುಂದೆ ಯಾವ ಚಿಕಿತ್ಸೆಯೂ ಬೇಡ.

ಅದು ಸುಳ್ಳು. ಗಂಟು ಕ್ಯಾನ್ಸರೇ ಆಗಿತ್ತು. ಕಂಕುಳ ಗ್ರಂಥಿಗಳಿಗೂ ಹೋಗಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ, ಯಾಕಂದ್ರೆ ‘ಎಂಥ ಕೆಟ್ಟ ಡಾಕ್ಟರ್’ ಅಂತ ಒಬ್ಬರ ಮೇಲೆ ಹಾಕಿ ಮುಂದೆ ಹೋಗೋದು ಸುಲಭ. ಆ ಕಾಲದಲ್ಲಿ ಅದೇ ಪದ್ಧತಿ. 1961ರಲ್ಲಿ ಡೊನಾಲ್ಡ್ ಓಕನ್ ಅನ್ನೋ ವೈದ್ಯರು ಶಿಕಾಗೋದ ಒಂದು ಆಸ್ಪತ್ರೆಯಲ್ಲಿ 219 ಡಾಕ್ಟರುಗಳನ್ನ ಕೇಳಿದರು: ಕ್ಯಾನ್ಸರ್ ಅಂತ ರೋಗಿಗೆ ಹೇಳ್ತೀರಾ? ಸುಮಾರು ಶೇಕಡ 90ರಷ್ಟು ಜನ, ಹೇಳದೇ ಇರೋದೇ ಮೇಲು ಅಂದರು. ರೋಗಿ ಕುಸಿದು ಹೋಗ್ತಾನೆ, ಆಸೆ ಬಿಡ್ತಾನೆ ಅನ್ನೋದು ಕಾರಣ. 1979ರಲ್ಲಿ ಇನ್ನೊಂದು ತಂಡ ಇದೇ ರೀತಿ ಕೇಳಿದಾಗ ಶೇಕಡ 97ರಷ್ಟು ಡಾಕ್ಟರುಗಳು ಹೇಳ್ತೀವಿ ಅಂದರು. ಹದಿನೆಂಟು ವರ್ಷದಲ್ಲಿ ಅಲ್ಲಿ ತಲೆಕೆಳಗಾಗಿದ್ದು ನಮ್ಮಲ್ಲಿ ಇನ್ನೂ ಅರ್ಧ ದಾರಿಯಲ್ಲಿದೆ. ನಮ್ಮ ಅಣ್ಣನನ್ನ ಪಕ್ಕದ ರೂಮಿಗೆ ಕರೆದ ಡಾಕ್ಟರೂ ಕೆಟ್ಟವರೇನಲ್ಲ.

ಆದರೆ ಸುಳ್ಳಿನ ಬೆಲೆ ಲೆಕ್ಕ ಹಾಕಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಯಾವ ಚಿಕಿತ್ಸೆಯೂ ಇಲ್ಲ. ನವೆಂಬರ್ ಕೊನೆಗೆ ಎದೆಯ ಎಡಭಾಗದಲ್ಲಿ, ಪಕ್ಕೆಲುಬಿನ ಹತ್ತಿರ, ಗಟ್ಟಿಯಾದ ಊತ ಕಾಣಿಸಿಕೊಂಡಿತು. ಆಗ ರೇಚಲ್ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಜಾರ್ಜ್ ಕ್ರೈಲ್ ಜೂನಿಯರ್ ಅವರಿಗೆ ಪತ್ರ ಬರೆದರು. ಈ ಕ್ರೈಲ್ ಸ್ವಲ್ಪ ವಿಚಿತ್ರ ಮನುಷ್ಯ. ಸರ್ಜನ್ ಆಗಿದ್ದೂ ದೊಡ್ಡ ದೊಡ್ಡ ಆಪರೇಷನ್‌ಗಳ ವಿರುದ್ಧ ಮಾತಾಡ್ತಿದ್ದವರು, ಕ್ಯಾನ್ಸರ್ ಬಗ್ಗೆ ಜನರಲ್ಲಿ ಕುರುಡು ಭಯ ಹುಟ್ಟಿಸಬೇಡಿ ಅಂತ 1955ರಲ್ಲೇ ಬರೆದು ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದವರು. ಅವರ ಹೆಂಡತಿ ಜೇನ್ ರೇಚಲ್‌ಗೆ ಸ್ನೇಹಿತೆ. ಕ್ರೈಲ್ ಕಾಗದಪತ್ರ ತರಿಸಿ ನೋಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿದರು.

ರೇಚಲ್ ಅದಕ್ಕೆ ಕೃತಜ್ಞರಾಗಿದ್ದರು. ನನಗೆ ಸತ್ಯ ಗೊತ್ತಿದ್ದರೆ ಎದುರಿಸೋದು ಸುಲಭ, ಗೊತ್ತಿಲ್ಲದೇ ಇರೋದೇ ಕಷ್ಟ ಅನ್ನೋ ಅರ್ಥದಲ್ಲಿ ಅವರಿಗೆ ತಿಳಿಸಿದರು. ಈ ಹೊತ್ತಿಗೆ ‘ಸೈಲೆಂಟ್ ಸ್ಪ್ರಿಂಗ್’ ಅರ್ಧಂಬರ್ಧ ಆಗಿತ್ತು. ಅದರ ಮೊದಲ ಭಾಗದಲ್ಲೇ ಒಂದು ವಾದ ಬರುತ್ತೆ: ಈ ವಿಷಗಳ ಅಪಾಯವನ್ನ ಸಹಿಸಿಕೊಳ್ಳಬೇಕಾಗಿರೋದು ಸಾಮಾನ್ಯ ಜನ, ಹಾಗಿದ್ದಮೇಲೆ ಪೂರ್ತಿ ವಿಷಯ ತಿಳಿದುಕೊಳ್ಳೋ ಹಕ್ಕೂ ಅವರಿಗಿದೆ. ಫ್ರೆಂಚ್ ಜೀವಶಾಸ್ತ್ರಜ್ಞ ಝಾನ್ ರೋಸ್ತಾನ್ ಅವರ ಮಾತಿನಿಂದ ಎತ್ತಿಕೊಂಡ ವಾದ ಅದು. ಜನರಿಗೆ ಅರ್ಧ ಸತ್ಯದ ನಿದ್ದೆಗುಳಿಗೆ ಕೊಟ್ಟು ಮಲಗಿಸ್ತಿದ್ದಾರೆ ಅನ್ನೋದು ಅವರ ದೂರು. ಪುಸ್ತಕ ಓದಿದವರಿಗೆ ಅದು ಕೀಟನಾಶಕ ಕಂಪನಿಗಳ ಬಗ್ಗೆ, ಕೃಷಿ ಇಲಾಖೆಯ ಬಗ್ಗೆ ಬರೆದ ಸಾಲು. ಬರೆದವರಿಗೆ ಅದೇ ವರ್ಷ ಆಸ್ಪತ್ರೆಯ ಹಾಸಿಗೆಯಲ್ಲೂ ಆ ಗುಳಿಗೆ ಸಿಕ್ಕಿತ್ತು.

1961, ನನ್ನ ಪ್ರಕಾರ, ಈ ಕಥೆಯ ನಿಜವಾದ ವರ್ಷ. ಇತಿಹಾಸದ ಪುಸ್ತಕಗಳಲ್ಲಿ ಅದು ಖಾಲಿ. 1960ರಲ್ಲಿ ಆಪರೇಷನ್, 1962ರಲ್ಲಿ ಪುಸ್ತಕ, ನಡುವೆ ಏನೂ ನಡೀಲಿಲ್ಲವೇನೋ ಅನ್ನೋ ಹಾಗೆ. ನಡೆದದ್ದು ಇದು. ವರ್ಷದ ಮೊದಲಿಗೇ ರೇಡಿಯೇಷನ್ ಶುರು. ನಮ್ಮ ಆಸ್ಪತ್ರೆಗಳಲ್ಲಿ ‘ಕರೆಂಟ್ ಇಡ್ಸೋದು’ ಅಂತಾರಲ್ಲ, ಅದೇ. ಜೊತೆಗೆ ಸೋಂಕು ತಗುಲಿ ಮಂಡಿ, ಹಿಮ್ಮಡಿಯ ಕೀಲುಗಳಿಗೆ ಇಳೀತು. ನಿಲ್ಲೋಕಾಗಲ್ಲ, ನಡೆಯೋಕಾಗಲ್ಲ, ಕೆಲವು ವಾರ ಗಾಲಿಕುರ್ಚಿ. ಕೂತಲ್ಲೇ ಬರೀತಿದ್ದರು. ವರ್ಷದ ಕೊನೆಗೆ ಕಣ್ಣಿಗೆ ಉರಿಯೂತ ಬಂತು. ಕಾಗದದ ಮೇಲಿನ ಅಕ್ಷರ ಕಾಣಲ್ಲ. ಸಹಾಯಕಿ ಜೀನ್ ಡೇವಿಸ್ ಅಧ್ಯಾಯಗಳನ್ನ ಗಟ್ಟಿಯಾಗಿ ಓದೋದು, ರೇಚಲ್ ಕಣ್ಣು ಮುಚ್ಚಿಕೊಂಡು ಕೇಳಿ ತಿದ್ದಿಸೋದು. ಪಕ್ಕದ ಕೋಣೆಯಲ್ಲಿ ಒಂಬತ್ತು ವರ್ಷದ ಹುಡುಗ. ಅವನಿಗೆ ಶಾಲೆ, ಅವನಿಗೆ ಜ್ವರ, ಅವನಿಗೆ ಊಟ.

‘ಕ್ಯಾನ್ಸರ್ ವಿರುದ್ಧ ಹೋರಾಟ’ ಅಂತ ನಾವು ಪತ್ರಿಕೆಯೋರು ಬರೀತೀವಿ, ನಾನೂ ಬರೆದಿದ್ದೀನಿ. ರೇಚಲ್ ಅವರ 1961 ನೋಡಿದರೆ ಆ ಮಾತು ಬಾಯಿಗೆ ಬರಲ್ಲ. ಅಲ್ಲಿರೋದು ಲೆಕ್ಕಾಚಾರ. ಈ ವಾರ ರೇಡಿಯೇಷನ್, ಆದ್ದರಿಂದ ವಾಂತಿ, ಆದ್ದರಿಂದ ಬರವಣಿಗೆ ಇಲ್ಲ. ಮುಂದಿನ ವಾರ ಎರಡು ಗಂಟೆ ಸಿಗಬಹುದು, ಹಾಗಾದರೆ ಯಾವ ಅಧ್ಯಾಯ? ಕಾಯಿಲೆಗಳ ಪಟ್ಟಿ ಎಷ್ಟು ಉದ್ದವಾಯ್ತು ಅಂದರೆ ಪತ್ರಗಳಲ್ಲಿ ಅವರೇ ಅದನ್ನ ಗೇಲಿ ಮಾಡ್ತಾರೆ.

ಆ ರೇಡಿಯೇಷನ್ ಯಂತ್ರದ ಬಗ್ಗೆ ಅವರಿಗಿದ್ದ ಭಾವನೆ ವಿಚಿತ್ರ. ಎರಡು ದಶಲಕ್ಷ ವೋಲ್ಟಿನ ರಾಕ್ಷಸ ಅಂತ ಅದನ್ನ ಕರೀತಿದ್ದರು. ಈಗ ನನ್ನ ಕಡೆಗಿರೋದು ಅದೊಂದೇ, ಆದರೆ ಅದು ನನಗೂ ಏನು ಮಾಡ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತು ಅನ್ನೋ ಧಾಟಿ. ಯಾಕೆ ಗೊತ್ತು ಅಂದ್ರೆ, ಅವರ ಪುಸ್ತಕದ ಬೆನ್ನೆಲುಬೇ ವಿಕಿರಣ ಮತ್ತು ಕೀಟನಾಶಕಗಳ ಹೋಲಿಕೆ. ಅಣುಬಾಂಬ್ ಪರೀಕ್ಷೆಗಳಿಂದ ಹೊರಬಂದ ಸ್ಟ್ರಾನ್ಷಿಯಂ-90 ಮಳೆಯಲ್ಲಿ ಇಳಿದು, ಹುಲ್ಲಿಗೆ ಸೇರಿ, ಕೊನೆಗೆ ಮನುಷ್ಯರ ಮೂಳೆಯಲ್ಲಿ ಕೂರುತ್ತೆ, ಕೀಟನಾಶಕಗಳೂ ಹಾಗೇ ಕಣ್ಣಿಗೆ ಕಾಣದೆ ಸಾಗುತ್ತವೆ ಅಂತ ಅವರು ಬರೆದರು. ಬರೆಯೋದು ಬೆಳಿಗ್ಗೆ. ಅದೇ ಕಾಣದ ಕಿರಣದ ಕೆಳಗೆ ಮಲಗೋದು ಮಧ್ಯಾಹ್ನ. ಈ ‘ಸ್ಟ್ರಾನ್ಷಿಯಂ’ ಹೆಸರು ಸ್ವಲ್ಪ ನೆನಪಿಟ್ಕೊಳ್ಳಿ.

ಇನ್ನು ಪುಸ್ತಕದಲ್ಲಿ ಕ್ಯಾನ್ಸರ್ ಬಗ್ಗೆಯೇ ಒಂದು ಅಧ್ಯಾಯ ಇದೆ. ಹೆಸರು ‘ಪ್ರತಿ ನಾಲ್ವರಲ್ಲಿ ಒಬ್ಬರು’. ರಾಸಾಯನಿಕಗಳು ಜೀವಕೋಶದೊಳಗೆ ಹೋಗಿ ಏನು ಕೆಡಿಸಬಹುದು ಅನ್ನೋ ವಿಜ್ಞಾನ. ಆ ನಾಲ್ವರಲ್ಲಿ ಒಬ್ಬರು ತಾನೇ ಅನ್ನೋ ಸುಳಿವು ಇಡೀ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಯಾಕೆ ಮುಚ್ಚಿಟ್ಟರು? ಎಲ್ಲರಿಗೂ ತಿಳಿದುಕೊಳ್ಳೋ ಹಕ್ಕಿದೆ ಅಂದವರು ತನ್ನದನ್ನ ಯಾಕೆ ಹೇಳಲಿಲ್ಲ? ಒಂದು ಕಾರಣ ಸರಳ: ಅದು ಅವರ ಮೈ, ಅವರ ವಿಷಯ. ಆ ಕಾಲದಲ್ಲಿ ‘ಸ್ತನ’ ಅನ್ನೋ ಪದವನ್ನ ಪತ್ರಿಕೆಗಳೂ ಸಂಕೋಚದಿಂದಲೇ ಬಳಸ್ತಿದ್ದವು. ಎರಡನೇ ಕಾರಣ ಕಠಿಣ. ರಾಸಾಯನಿಕ ಉದ್ಯಮ ಕಾಯ್ತಾ ಕೂತಿದೆ. ‘ಪಾಪ, ಆಯಮ್ಮನಿಗೆ ಕ್ಯಾನ್ಸರ್, ಅದಕ್ಕೇ ಕೆಮಿಕಲ್ ಮೇಲೆ ಸಿಟ್ಟು’ ಅಂತ ಒಂದು ಸಾಲು ಬಂದರೆ ಸಾಕು, ನಾಲ್ಕು ವರ್ಷದ ಕೆಲಸ, ಪುಸ್ತಕದ ಕೊನೆಗೆ ಜೋಡಿಸಿದ ಅಷ್ಟೂ ಆಧಾರಗಳು ಎಲ್ಲ ಒಬ್ಬ ರೋಗಿಯ ಗೋಳಾಗಿ ಬಿಡ್ತವೆ. ಹಾಗಾಗಿ ವಿಷಯ ಗೊತ್ತಿದ್ದದ್ದು ಬೆರಳೆಣಿಕೆ ಜನರಿಗೆ. ಯಾರಾದರೂ ಕೇಳಿದರೆ, ಇತ್ತೀಚೆಗೆ ನೋಡಿದೆ, ತುಂಬ ಚೆನ್ನಾಗಿದ್ದರು ಅಂತ ಹೇಳು ಅಂತ ಆಪ್ತ ಗೆಳತಿ ಡೊರತಿ ಫ್ರೀಮನ್‌ಗೆ ಹೇಳಿಕೊಟ್ಟಿದ್ದರು.

ಈ ಡೊರತಿ ಬಗ್ಗೆ ಹೇಳಲೇಬೇಕು. 1953ರಲ್ಲಿ ಮೇನ್ ರಾಜ್ಯದ ಸೌತ್‌ಪೋರ್ಟ್ ದ್ವೀಪದಲ್ಲಿ ರೇಚಲ್ ಬೇಸಿಗೆಗೆ ಅಂತ ಒಂದು ಪುಟ್ಟ ಮನೆ ಕಟ್ಟಿಸಿದಾಗ ನೆರೆಯವರಾಗಿ ಸಿಕ್ಕವರು. ಬೇಸಿಗೆ ಮುಗಿದು ದೂರವಾದ ಮೇಲೆ ಪತ್ರಗಳು. ಒಂದು ಲಕೋಟೆಯೊಳಗೆ ಎರಡು ಪತ್ರ: ಒಂದು ಮನೆಯವರ ಮುಂದೆ ಓದೋಕೆ, ಇನ್ನೊಂದು ಡೊರತಿ ಒಬ್ಬರಿಗೇ. ಆ ಗುಟ್ಟಿನ ಪತ್ರಕ್ಕೆ ಇಬ್ಬರೂ ಇಟ್ಟಿದ್ದ ಹೆಸರು ‘ಸೇಬು’. ನೀವು ಫ್ಯಾಮಿಲಿ ಗ್ರೂಪಿಗೆ ‘ಆಲ್ ಓಕೆ’ ಅಂತ ಹಾಕಿ, ಪಕ್ಕದಲ್ಲೇ ಒಬ್ಬ ಫ್ರೆಂಡ್‌ಗೆ ಉದ್ದ ವಾಯ್ಸ್ ನೋಟ್ ಕಳಿಸ್ತೀರಲ್ಲ, ಹೆಚ್ಚುಕಮ್ಮಿ ಅದೇ. ಡೊರತಿಯ ಮೊಮ್ಮಗಳು ಈ ಪತ್ರಗಳನ್ನ 1995ರಲ್ಲಿ ಪುಸ್ತಕವಾಗಿ ತಂದರು. ರೇಚಲ್ ಅವರ ಕಾಯಿಲೆಯ ದಿನಗಳು ನಮಗೆ ಇಷ್ಟು ವಿವರವಾಗಿ ಗೊತ್ತಿರೋದಕ್ಕೆ ಈ ಪತ್ರಗಳೂ ಒಂದು ಕಾರಣ.

1962ರ ಜನವರಿ. ಹಸ್ತಪ್ರತಿಯ ಬಹುಪಾಲು ‘ನ್ಯೂಯಾರ್ಕರ್’ ಪತ್ರಿಕೆಗೆ ಹೋಯ್ತು. ಒಂದು ಸಂಜೆ ಸಂಪಾದಕ ವಿಲಿಯಂ ಶಾನ್ ಅವರೇ ಫೋನ್ ಮಾಡಿ, ಅದ್ಭುತವಾಗಿದೆ ಅಂದರು. ರೇಚಲ್ ಹುಡುಗನನ್ನ ಮಲಗಿಸಿದರು. ಬೆಕ್ಕನ್ನ ಎತ್ತಿಕೊಂಡು ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿದರು. ಬೀಥೋವನ್‌ನ ವಯಲಿನ್ ಕಾನ್ಚೆರ್ಟೋ ಹಾಕಿ ಕೂತರು. ಆಮೇಲೆ ಅಳು ಬಂತು. ಇದನ್ನೂ ಡೊರತಿಗೇ ಬರೆದು ತಿಳಿಸಿದ್ದಾರೆ.

ಆ ಬಿಡುವು ಹೆಚ್ಚು ದಿನ ಇರಲಿಲ್ಲ. ವಸಂತದಲ್ಲಿ ಹೊಸ ಗಂಟುಗಳು, ಮತ್ತೆ ರೇಡಿಯೇಷನ್. ಹೊರಗೆ ಹೋಗೋವಾಗ ವಿಗ್. ಜೂನ್ 16ರಿಂದ ‘ನ್ಯೂಯಾರ್ಕರ್’ನಲ್ಲಿ ಮೂರು ಕಂತು, ಸೆಪ್ಟೆಂಬರ್ 27ಕ್ಕೆ ಪುಸ್ತಕ. ನಡುವೆ ಆಗಸ್ಟ್ ಕೊನೆಯಲ್ಲಿ ಅಧ್ಯಕ್ಷ ಕೆನಡಿ ಪತ್ರಿಕಾಗೋಷ್ಠಿಯಲ್ಲಿ ಮಿಸ್ ಕಾರ್ಸನ್ ಪುಸ್ತಕದ ಹೆಸರೆತ್ತಿ, ಸರ್ಕಾರ ಇದನ್ನ ಪರಿಶೀಲಿಸ್ತಿದೆ ಅಂದರು. ಎದುರಾಳಿಗಳೂ ಸುಮ್ಮನಿರಲಿಲ್ಲ. ವೆಲ್ಸಿಕಾಲ್ ಕಂಪನಿ ಪುಸ್ತಕ ಹೊರಬರೋ ಮೊದಲೇ ಪ್ರಕಾಶಕರಿಗೆ ಬೆದರಿಕೆಯ ಪತ್ರ ಕಳಿಸಿತು. ಮಾನ್ಸಾಂಟೊ ಪುಸ್ತಕವನ್ನ ಅಣಕಿಸಿ, ಕೀಟನಾಶಕ ಇಲ್ಲದಿದ್ದರೆ ಜಗತ್ತು ಹೇಗೆ ಹಾಳಾಗುತ್ತೆ ಅಂತ ಒಂದು ಬರಹವನ್ನೇ ಹಂಚಿತು. ಇನ್ನು ಕೆಲವರ ಮಾತು, ಇದು ಭಾವೋದ್ವೇಗದ ಹೆಂಗಸಿನ ಬರವಣಿಗೆ ಅನ್ನೋದು.

ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ, ಯಾಕಂದ್ರೆ ಕಾಮೆಂಟ್‌ನಲ್ಲಿ ಬಂದೇ ಬರುತ್ತೆ: ‘ಡಿಡಿಟಿ ಇಲ್ಲದಿದ್ದರೆ ಭಾರತದಲ್ಲಿ ಮಲೇರಿಯಾ ಇಳೀತಿತ್ತಾ?’ 1953ರಲ್ಲಿ ನಮ್ಮಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಡಿಡಿಟಿ ಸಿಂಪಡಣೆಯಿಂದ ರೋಗ ತುಂಬಾ ಇಳಿದದ್ದು ನಿಜ. ರೇಚಲ್ ಎಲ್ಲವನ್ನೂ ನಿಷೇಧಿಸಿ ಅನ್ನಲಿಲ್ಲ. ಬೇಕಾಬಿಟ್ಟಿ ಹೊಡೆದರೆ ಸೊಳ್ಳೆಗಳೇ ಅದನ್ನ ಅರಗಿಸಿಕೊಳ್ತವೆ, ಆಗ ರೋಗ ತಡೆಯೋಕೂ ಔಷಧಿ ಉಳಿಯಲ್ಲ ಅಂದರು. ರೇಡಿಯೇಷನ್ ಅಪಾಯ ಅಂತ ಗೊತ್ತಿದ್ದೂ ಅದರ ಕೆಳಗೆ ಹೋಗಿ ಮಲಗುತ್ತಿದ್ದವರು ಅವರು. ಅಳತೆಯ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

1962ರ ಕೊನೆಯಲ್ಲಿ ಸಿಬಿಎಸ್ ಟಿವಿಯವರು ಸಂದರ್ಶನಕ್ಕೆ ಮನೆಗೆ ಬಂದರು. ಎರಿಕ್ ಸೆವರೈಡ್ ಪ್ರಶ್ನೆ ಕೇಳಿದ ಪತ್ರಕರ್ತ. ಕಾರ್ಯಕ್ರಮ ಪ್ರಸಾರ ಆಗೋದು ತಡವಾಗ್ತಿದ್ದಾಗ ಅವರು ನಿರ್ಮಾಪಕರಿಗೆ ಎಚ್ಚರಿಸಿದರಂತೆ, ಬೇಗ ಹಾಕಿ, ನಿಮ್ಮ ನಾಯಕಿ ಅಷ್ಟು ದಿನ ಇರ್ತಾರೋ ಇಲ್ವೋ ಅಂತ. ಅಂದರೆ ಹತ್ತಿರದಿಂದ ಕಂಡವರಿಗೆ ಅನುಮಾನ ಇತ್ತು. 1963ರ ಏಪ್ರಿಲ್ 3ರಂದು ಪ್ರಸಾರವಾಯ್ತು. ಐದು ಜಾಹೀರಾತುದಾರರಲ್ಲಿ ಮೂವರು ಅದಕ್ಕೂ ಮುಂಚೆಯೇ ಕೈ ಬಿಟ್ಟಿದ್ದರು. ಪರದೆಯ ಮೇಲೆ ಅಮೆರಿಕನ್ ಸಯನಮಿಡ್ ಕಂಪನಿಯ ರಾಬರ್ಟ್ ವೈಟ್-ಸ್ಟೀವನ್ಸ್, ಬಿಳಿ ಕೋಟು, ಗಟ್ಟಿ ದನಿ, ಈಯಮ್ಮನ ಮಾತು ಕೇಳಿದರೆ ಕತ್ತಲೆ ಯುಗಕ್ಕೆ ಹೋಗ್ತೀವಿ ಅನ್ನೋ ವಾದ. ಇನ್ನೊಂದು ಕಡೆ ಮೆಲುದನಿಯಲ್ಲಿ, ಒಂದೂ ಅವಸರದ ಮಾತಿಲ್ಲದೆ ಉತ್ತರಿಸ್ತಿರೋ ರೇಚಲ್. ಯೂಟ್ಯೂಬಿನಲ್ಲಿ ತುಣುಕುಗಳು ಸಿಗುತ್ತವೆ, ನೋಡಿ. ಅವರು ಎಷ್ಟು ಕಡಿಮೆ ಅಲುಗಾಡ್ತಾರೆ ಅನ್ನೋದನ್ನ ಗಮನಿಸಿ. ಮೊದಲ ಸಲ ನೋಡಿದಾಗ ನಾನು ಅದನ್ನ ಸ್ವಭಾವದ ಶಾಂತಿ ಅಂದ್ಕೊಂಡಿದ್ದೆ.

ಆ ಚಳಿಗಾಲದಲ್ಲೇ ಎದೆನೋವು, ಹೃದಯದ ತೊಂದರೆ ಶುರುವಾಗಿತ್ತು. ಬೆನ್ನುಮೂಳೆ ನೋಯುತ್ತಿತ್ತು. ಕ್ಯಾನ್ಸರ್ ಮೂಳೆಗೆ ಬಂದಿತ್ತು. ಜೇನ್ ಕ್ರೈಲ್, ಸ್ತನ ಕ್ಯಾನ್ಸರಿನ ದಾರಿಯಲ್ಲಿ ಜೊತೆಗಿದ್ದ ಗೆಳತಿ, 1963ರ ಜನವರಿಯಲ್ಲಿ ತೀರಿಕೊಂಡರು. ಮೇ 15ಕ್ಕೆ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯ ವರದಿ ಹೊರಬಂತು. ಪುಸ್ತಕದ ಮುಖ್ಯ ವಾದಗಳನ್ನ ಒಪ್ಪಿಕೊಂಡ ವರದಿ ಅದು. ಜೂನ್ 4ಕ್ಕೆ ಸೆನೆಟರ್ ಅಬ್ರಹಾಂ ರಿಬಿಕಾಫ್ ಅವರ ಉಪಸಮಿತಿಯ ಮುಂದೆ ಸಾಕ್ಷಿ. ಕೋಣೆ ತುಂಬ ಕ್ಯಾಮೆರಾ ದೀಪಗಳು. ತನ್ನ ಮನೆಯೊಳಗೆ ಬೇರೆಯವರು ಸಿಂಪಡಿಸಿದ ವಿಷ ಬರದಂತೆ ಕಾಪಾಡಿಕೊಳ್ಳೋದು ಪ್ರಜೆಯ ಹಕ್ಕು ಅಂತ ಅಲ್ಲಿ ಅವರು ವಾದಿಸಿದರು. ಕುರ್ಚಿಯಲ್ಲಿ ಕೂರೋದೇ ಆ ಹೊತ್ತಿಗೆ ನೋವಿನ ಕೆಲಸ.

ಆ ಬೇಸಿಗೆ ಸೌತ್‌ಪೋರ್ಟ್‌ನಲ್ಲಿ ಕೊನೆಯದು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ರೇಚಲ್, ಡೊರತಿ ನ್ಯೂವೇಗನ್ ಅನ್ನೋ ತುದಿಯಲ್ಲಿ ಕಡಲ ಎದುರು ಕೂತರು. ಮೊನಾರ್ಕ್ ಚಿಟ್ಟೆಗಳು ಒಂದರ ಹಿಂದೊಂದು ದಕ್ಷಿಣಕ್ಕೆ ಹಾರಿ ಹೋಗ್ತಿದ್ದವು. ಅವು ತಿರುಗಿ ಬರಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅದೇ ಮಧ್ಯಾಹ್ನ ರೇಚಲ್ ಡೊರತಿಗೆ ಪತ್ರ ಬರೆದರು. ಮನೆಗಳು ಅಷ್ಟು ಹತ್ತಿರ ಇದ್ದರೂ ಪತ್ರವೇ. ಆ ಚಿಟ್ಟೆಗಳನ್ನ ನೋಡುವಾಗ ದುಃಖ ಆಗಲಿಲ್ಲವಲ್ಲ, ಅದು ಅವುಗಳ ಬದುಕಿನ ಸಹಜ ಕೊನೆ ಅಂತ ಅನಿಸಿತಲ್ಲ, ನನ್ನದೂ ಹಾಗೇ ಅಂತ ಅದರ ತಾತ್ಪರ್ಯ. ಎದುರೆದುರು ಹೇಳೋಕಾಗದ್ದನ್ನ ಹೇಳೋಕೆ ಚಿಟ್ಟೆ ಸಿಕ್ಕಿತ್ತು.

ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ದೊಡ್ಡ ಭಾಷಣ. ಆಮೇಲೆ ಅಲ್ಲಿನ ರೆಡ್‌ವುಡ್ ಕಾಡು ಮ್ಯೂರ್ ವುಡ್ಸ್ ನೋಡಬೇಕು ಅಂತ ಅವರಿಗೆ ಹಳೆಯ ಆಸೆ. ಪರಿಸರವಾದಿ ಡೇವಿಡ್ ಬ್ರೋವರ್ ಕರ್ಕೊಂಡು ಹೋದರು. ಗಾಲಿಕುರ್ಚಿಯಲ್ಲಿ. ಯಾಕೆ ನಡೆಯೋಕಾಗ್ತಿಲ್ಲ ಅಂತ ಕೇಳಿದವರಿಗೆ ಸಿಕ್ಕ ಉತ್ತರ: ಸಂಧಿವಾತ.

ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಅದೇ ಸುಳ್ಳು, ಅದೇ ವಾತ. ಆದರೆ ಇಲ್ಲಿ ಹೇಳಿದವರು ಅವರೇ. ನಾವು ದೊಡ್ಡಮ್ಮನಿಗೆ ಹೇಳಿದ್ದು, ರೇಚಲ್ ಜಗತ್ತಿಗೆ ಹೇಳಿದ್ದು.

ದೊಡ್ಡಮ್ಮನಿಗೆ ಹೇಗೆ ಗೊತ್ತಾಯ್ತು ಅಂತ ಹೇಳ್ತೀನಿ ಅಂದಿದ್ದೆ. ಮಾತ್ರೆ ಖಾಲಿಯಾಗಿತ್ತು, ನಾವ್ಯಾರೂ ಇರಲಿಲ್ಲ. ಖಾಲಿ ಪಟ್ಟಿ ಹಿಡ್ಕೊಂಡು ಅವರೇ ಮೆಡಿಕಲ್ ಶಾಪಿಗೆ ಹೋದ್ರು. ‘ಇದು ವಾತಕ್ಕಾ ಮಗಾ?’ ಅಂತ ಕೇಳಿದ್ರು. ಕೌಂಟರಿನ ಹುಡುಗ ಪಾಪ, ‘ಇಲ್ಲ ಅಜ್ಜಿ, ಇದು ಕ್ಯಾನ್ಸರ್ದು’ ಅಂದ. ಮನೆಗೆ ಬಂದು ನಮ್ಮ ಅಣ್ಣನಿಗೆ ಫೋನ್ ಮಾಡಿ, ‘ಆ ಫೈಲು ಬೀರು ಮೇಲಿಂದ ಇಳಿಸ್ಕೊಡೋ, ನನ್ನ ಕೈಗೆ ಎಟಕಲ್ಲ’ ಅಂದ್ರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ರೇಚಲ್ ಕಡೆಗೆ. 1964ರ ಮಾರ್ಚ್. ಕ್ಯಾನ್ಸರ್ ಲಿವರ್‌ವರೆಗೂ ಹೋಗಿದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಕೊನೆಯ ಪ್ರಯತ್ನ: ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯೊಳಗೆ ವಿಕಿರಣ ಸೂಸೋ ಯಟ್ರಿಯಂ-90 ಇಟ್ಟು ಆ ಗ್ರಂಥಿಯನ್ನೇ ಸುಡೋದು. ಯಾಕೆ ಮಿದುಳಿನ ಹತ್ತಿರ ಕೈ ಹಾಕಿದರು? ಇದರ ಹಿಂದೆ ಉದ್ದದ ಕಥೆ ಇದೆ. 1896ರಲ್ಲಿ ಜಾರ್ಜ್ ಬೀಟ್ಸನ್ ಅನ್ನೋ ಸ್ಕಾಟಿಷ್ ಸರ್ಜನ್, ಅಂಡಾಶಯ ತೆಗೆದರೆ ಕೆಲವರಲ್ಲಿ ಹರಡಿದ ಸ್ತನ ಕ್ಯಾನ್ಸರ್ ಕುಗ್ಗುತ್ತೆ ಅಂತ ವರದಿ ಮಾಡಿದ್ದರು. ಆಗ ಹಾರ್ಮೋನ್ ಅನ್ನೋ ಪದವೇ ಹುಟ್ಟಿರಲಿಲ್ಲ. ಆಮೇಲೆ ತಿಳಿದದ್ದು, ಎಷ್ಟೋ ಸ್ತನ ಕ್ಯಾನ್ಸರುಗಳಿಗೆ ಈಸ್ಟ್ರೊಜನ್ ಅನ್ನೋ ಹಾರ್ಮೋನೇ ಗೊಬ್ಬರ. ಆ ಗೊಬ್ಬರ ನಿಲ್ಲಿಸಬೇಕು ಅಂತ ಅಂಡಾಶಯ, ಆಮೇಲೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ, ಕೊನೆಗೆ ಇವೆಲ್ಲಕ್ಕೂ ಅಪ್ಪಣೆ ಕೊಡೋ ಪಿಟ್ಯುಟರಿ, ಹೀಗೆ ಒಂದೊಂದೇ ತೆಗೀತಾ ಹೋದರು. ಒಂದು ಗಿಡ ಒಣಗಿಸೋಕೆ ಊರಿನ ಕಾಲುವೆಯನ್ನೇ ಒಡೆದ ಹಾಗೆ.

ಸ್ಟ್ರಾನ್ಷಿಯಂ-90 ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ? ಅದು ಕ್ಷಯಿಸಿದಾಗ ಆಗೋದೇ ಯಟ್ರಿಯಂ-90. ಪುಸ್ತಕದ ಮೊದಲಲ್ಲಿ ಯಾವುದರ ಬಗ್ಗೆ ಎಚ್ಚರಿಸಿದ್ದರೋ ಅದರ ಮಗುವನ್ನೇ ತಲೆಯೊಳಗೆ ಇಟ್ಕೊಂಡು ಮಲಗಿದ್ದರು ರೇಚಲ್. ಇದನ್ನ ವಿಪರ್ಯಾಸ ಅನ್ನೋಕೆ ನನಗೆ ಮನಸ್ಸಿಲ್ಲ, ಅವರಿಗೆ ಅದೊಂದು ಚಿಕಿತ್ಸೆ ಅಷ್ಟೇ. ಅದೂ ಫಲ ಕೊಡಲಿಲ್ಲ. ಏಪ್ರಿಲ್ 14ರಂದು ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 56. ಮರುದಿನದ ‘ನ್ಯೂಯಾರ್ಕ್ ಟೈಮ್ಸ್’ ತಲೆಬರಹದಲ್ಲೇ ಕ್ಯಾನ್ಸರ್ ಅಂತ ಬರೆಯಿತು. ನಾಲ್ಕು ವರ್ಷ ಕಾಪಾಡಿದ ಗುಟ್ಟು ಅಲ್ಲಿಗೆ ಮುಗೀತು.

ಒಂದು ಕೆಲಸ ಮಾತ್ರ ಅವರ ಕೈಯಲ್ಲಿ ಆಗಿರಲಿಲ್ಲ: ರೋಜರ್‌ನನ್ನ ಯಾರು ನೋಡ್ಕೋತಾರೆ ಅಂತ ಎದುರು ಕೂತು ಮಾತಾಡಿ ಇತ್ಯರ್ಥ ಮಾಡೋದು. ಸೆನೆಟ್ ಮುಂದೆ ಕೂತವರಿಗೆ ಆ ಒಂದು ಮಾತು ಆಡೋಕಾಗಲಿಲ್ಲ. ಕೊನೆಗೆ ಅವನನ್ನ ಬೆಳೆಸಿದ್ದು ಅವರ ಪುಸ್ತಕದ ಸಂಪಾದಕ ಪಾಲ್ ಬ್ರೂಕ್ಸ್ ಅವರ ಕುಟುಂಬ.

ಇನ್ನೊಂದು ಪುಟ್ಟ ವಿಷಯ. ‘ಸೈಲೆಂಟ್ ಸ್ಪ್ರಿಂಗ್’ ಬಂದ 1962ರಲ್ಲೇ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಡೋರಾ ರಿಚರ್ಡ್‌ಸನ್ ಅನ್ನೋ ರಸಾಯನಶಾಸ್ತ್ರಜ್ಞೆ ಒಂದು ವಸ್ತು ತಯಾರಿಸಿದರು. ನಂಬರು 46,474. ಹುಡುಕ್ತಿದ್ದದ್ದು ಗರ್ಭನಿರೋಧಕ ಗುಳಿಗೆ. ಇಲಿಗಳಲ್ಲಿ ಕೆಲಸ ಮಾಡಿತು, ಹೆಂಗಸರಲ್ಲಿ ಉಲ್ಟಾ ಹೊಡೀತು. ಆದರೆ ಅದಕ್ಕೆ ಈಸ್ಟ್ರೊಜನ್ನಿನ ದಾರಿ ಅಡ್ಡಗಟ್ಟೋ ಗುಣ ಇತ್ತು. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಮತ್ತವರ ತಂಡ ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 46 ಹೆಂಗಸರಿಗೆ ಕೊಟ್ಟು ನೋಡಿತು. 10 ಜನರಲ್ಲಿ ರೋಗ ಕುಗ್ಗಿತು. ಅದು ಪ್ರಕಟವಾಗಿದ್ದು 1971ರಲ್ಲಿ. ಅದೇ ಟಾಮಾಕ್ಸಿಫೆನ್. ಗ್ರಂಥಿ ಸುಡಬೇಕಾಗಿಲ್ಲ, ದಿನಕ್ಕೊಂದು ಮಾತ್ರೆ. ಅಂದಹಾಗೆ ಈ ಐಸಿಐ ಕೀಟನಾಶಕವನ್ನೂ ಮಾಡ್ತಿದ್ದ ಕಂಪನಿ. ನಮ್ಮ ಅಜ್ಜಿಯರು ಇರುವೆ ಸಾಲಿಗೆ ಉದುರಿಸ್ತಿದ್ದ ‘ಗಮಾಕ್ಸಿನ್ ಪುಡಿ’ ಇತ್ತಲ್ಲ, ಆ ಹೆಸರು ಅವರದ್ದೇ.

ದೊಡ್ಡಮ್ಮ ಈಗ ತಗೊಳ್ತಿರೋದು ಲೆಟ್ರೊಜೋಲ್, ಅದೇ ಈಸ್ಟ್ರೊಜನ್ನಿಗೆ ಇನ್ನೊಂದು ರೀತಿಯಲ್ಲಿ ಕಡಿವಾಣ ಹಾಕೋ ಮಾತ್ರೆ. ಬೆಳಿಗ್ಗೆ ಕಾಫಿ ಆದಮೇಲೆ, ಗೋಡೆಯ ಕ್ಯಾಲೆಂಡರಿನಲ್ಲಿ ಟಿಕ್. ತಿಂಗಳಿಗೊಮ್ಮೆ ಮೂಳೆಯ ಇಂಜೆಕ್ಷನ್ನಿಗೆ ಬೆಂಗಳೂರು ಬಸ್ಸು. ಮುಂದಿನ ಸ್ಕ್ಯಾನ್ ನವರಾತ್ರಿ ಆದಮೇಲೆ ಇಡಿ, ಗೊಂಬೆ ಕೂರಿಸಬೇಕು ಅಂತ ಡಾಕ್ಟರಿಗೆ ಅವರೇ ಹೇಳಿದ್ದಾರೆ. ಫೈಲು ಈಗ ಕೆಳಗಿನ ಶೆಲ್ಫಿನಲ್ಲಿದೆ. ಅವರನ್ನ ಕೇಳಿಯೇ ಈ ಸಂಚಿಕೆಯಲ್ಲಿ ಇಷ್ಟನ್ನು ಹೇಳ್ತಿದ್ದೀನಿ. ಹೆಸರು ಬೇಡ ಅಂದ್ರು.

ರೇಚಲ್ ಅವರ ಚಿತಾಭಸ್ಮದ ಒಂದು ಭಾಗವನ್ನ ಡೊರತಿ ನ್ಯೂವೇಗನ್‌ನ ಬಂಡೆಗಳ ಹತ್ತಿರ, ಆ ಚಿಟ್ಟೆಗಳು ಹಾರಿದ ಜಾಗದಲ್ಲಿ, ಕಡಲಿಗೆ ಬಿಟ್ಟರು. ತಾನು ಹೋದ ಮೇಲೆ ಓದಲಿ ಅಂತ ರೇಚಲ್ ಬರೆದಿಟ್ಟಿದ್ದ ಪತ್ರಗಳು ಆಮೇಲೆ ಅವರ ಕೈ ಸೇರಿದವು.